ಹಳೆಯ ಜೀಪುಗಳ ಚಾಸಿಯನ್ನು ಒಳಗಿನಿಂದ ತಿನ್ನುವ ತುಕ್ಕು

ಕಾಡುದಾರಿಯಲ್ಲಿ ಓಡಿಸಲೆಂದು ರೂಪಿಸಿದ ಹಳೆಯ ವಾಹನಗಳಲ್ಲಿ ಬಾಡಿ ಬೇರೆ, ಚಾಸಿ ಬೇರೆ. ಚಾಸಿ ಎಂದರೆ ಉದ್ದಕ್ಕೆ ಎರಡು ಉಕ್ಕಿನ ತೊಲೆಗಳು, ಅವುಗಳನ್ನು ಹಿಡಿದಿಡುವ ಅಡ್ಡಪಟ್ಟಿಗಳು, ಒಟ್ಟಿನಲ್ಲಿ ಒಂದು ಏಣಿ. ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಈ ತೊಲೆಗಳ ಬಹುಭಾಗ ಒಂದು ಬದಿ ತೆರೆದ ಕಾಲುವೆಯಂತಿದ್ದರೆ, ಮಾರುತಿ ಜಿಪ್ಸಿ, ಲ್ಯಾಂಡ್ ರೋವರ್ ಡಿಫೆಂಡರ್, 1997ರಿಂದ 2006ರವರೆಗಿನ ಜೀಪ್ ರ‍್ಯಾಂಗ್ಲರ್‌ಗಳಲ್ಲಿ ನಾಲ್ಕೂ ಬದಿ ಮುಚ್ಚಿದ ಪೆಟ್ಟಿಗೆಯಂತಿವೆ. ಮುಚ್ಚಿದ ತೊಲೆ ತಿರುಚುವ ಬಲವನ್ನು ತೆರೆದ ತೊಲೆಗಿಂತ ಎಷ್ಟೋ ಚೆನ್ನಾಗಿ ತಡೆಯುತ್ತದೆ. ಆದರೆ ತುಕ್ಕಿನ ವಿಷಯದಲ್ಲಿ ಅದೇ ಗುಣ ದೋಷವಾಗುತ್ತದೆ, ಏಕೆಂದರೆ ಒಳಗೆ ಏನಾಗುತ್ತಿದೆ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ.

ಬೋಲ್ಟಿನ ತೂತು, ವೈರಿಂಗ್ ಹಾದುಹೋಗುವ ರಂಧ್ರ, ನೀರು ಬಸಿದುಹೋಗಲೆಂದೇ ಇಟ್ಟ ಕಂಡಿ, ಇವೆಲ್ಲದರ ಮೂಲಕ ಹಳ್ಳ ದಾಟುವಾಗ ಕೆಸರು ನೀರು ತೊಲೆಯೊಳಗೆ ಸೇರುತ್ತದೆ. ನೀರು ಹರಿದುಹೋದರೂ ಮಣ್ಣು ತಳದಲ್ಲಿ ಕೂರುತ್ತದೆ, ಮತ್ತು ಹಾಗೆ ಕೂತ ಮಣ್ಣು ಮೊದಲು ಮುಚ್ಚುವುದು ಆ ಬಸಿಗಂಡಿಗಳನ್ನೇ. ಕಬ್ಬಿಣ ತುಕ್ಕಾಗಲು ನೀರೂ ಬೇಕು, ಆಮ್ಲಜನಕವೂ ಬೇಕು ಎಂದು ಓದಿದ ನಮಗೆ, ಗಾಳಿಯಾಡದ ಆ ಕೆಸರಿನಡಿಯಲ್ಲೇ ಲೋಹ ಹೆಚ್ಚು ಆಳವಾಗಿ ಸವೆಯುವುದೇಕೆ ಎಂಬುದು ಮೊದಲಿಗೆ ಒಗಟಾಗಿ ಕಾಣುತ್ತದೆ. ಕಬ್ಬಿಣ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವ ಜಾಗವೂ ಆಮ್ಲಜನಕ ಅವನ್ನು ತೆಗೆದುಕೊಳ್ಳುವ ಜಾಗವೂ ಒಂದೇ ಆಗಿರಬೇಕಿಲ್ಲ ಎಂಬುದನ್ನು ಹಿಡಿದುಕೊಂಡರೆ ಒಗಟು ಬಿಡುತ್ತದೆ. ಕೆಸರಿನ ಅಂಚಿನಲ್ಲಿ ಗಾಳಿ ಧಾರಾಳವಾಗಿರುವುದರಿಂದ ಅದು ಕ್ಯಾಥೋಡ್, ಅಂದರೆ ಎಲೆಕ್ಟ್ರಾನುಗಳನ್ನು ತೆಗೆದುಕೊಳ್ಳುವ ಜಾಗ, ಆಗುತ್ತದೆ. ಗಾಳಿ ಕಡಿಮೆಯಿರುವ ಅಡಿಭಾಗ ಆನೋಡ್, ಅಂದರೆ ಅವನ್ನು ಬಿಟ್ಟುಕೊಡುವ ಜಾಗ, ಆಗಿ ಕರಗತೊಡಗುತ್ತದೆ. ಎರಡರ ನಡುವಿನ ಒದ್ದೆ ಮಣ್ಣು ವಿದ್ಯುತ್ ಹರಿಯುವ ದಾರಿಯಾಗುತ್ತದೆ. ಎರಡು ತಗಡುಗಳು ಒಂದರ ಮೇಲೊಂದು ಕೂಡುವ ಸಂದಿಯಲ್ಲಿ ನಡೆಯುವುದೂ ಇದೇ. ಆದ್ದರಿಂದ ಹೊರಮೈಯಲ್ಲಿ ಒಂದೇ ಸಮನೆ ಹರಡಿದ ಕೆಂಪು ತುಕ್ಕಿಗಿಂತ ಸಂದಿಯ ಅಂಚಿನಿಂದ ಇಳಿದ ಒಂದು ಕಂದು ಗೆರೆಯನ್ನು ನಾನು ಹೆಚ್ಚು ಅನುಮಾನದಿಂದ ನೋಡುತ್ತೇನೆ.

ಇದಕ್ಕೆ ಉಪ್ಪು ಸೇರಿದರೆ ಕೆಲಸ ಬೇಗ ಮುಗಿಯುತ್ತದೆ. ಉಪ್ಪು ನೀರಿನ ವಿದ್ಯುತ್ ವಾಹಕತೆಯನ್ನು ಹೆಚ್ಚಿಸುವುದಷ್ಟೇ ಅಲ್ಲ, ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ 75 ದಾಟಿದರೆ ತಾನೇ ತೇವ ಹೀರಿ ದ್ರವವಾಗುತ್ತದೆ. ಕರಾವಳಿಯಲ್ಲಿ ಮಳೆ ನಿಂತ ದಿನವೂ ತೊಲೆಯ ಒಳಗು ಆರದಿರುವುದಕ್ಕೆ ಇದು ಕಾರಣ. ಕಡಲ ಗಾಳಿಯ ಉಪ್ಪಿನ ಜೊತೆಗೆ ಮೀನಿನ ಲಾರಿಗಳಿಂದ ರಸ್ತೆಗೆ ಸೋರುವ ಉಪ್ಪುನೀರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಮೆರಿಕದ ಉತ್ತರ ರಾಜ್ಯಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪನ್ನೇ ಸುರಿಯುತ್ತಾರೆ. ಕೆಲವೆಡೆ ಬಳಸುವ ಮೆಗ್ನೀಸಿಯಂ ಕ್ಲೋರೈಡ್ ಸುಮಾರು ಶೇ 33ರ ಆರ್ದ್ರತೆಯಲ್ಲೇ ದ್ರವವಾಗುವುದರಿಂದ ಒಣ ಹವೆಯಲ್ಲೂ ಲೋಹವನ್ನು ಒದ್ದೆಯಾಗಿಡಬಲ್ಲದು. ಟಕೋಮಾ, ಟುಂಡ್ರಾ, ಸಿಕೋಯಾ ವಾಹನಗಳ ಚಾಸಿ ತುಕ್ಕಿನ ಮೊಕದ್ದಮೆಯಲ್ಲಿ 2016ರಲ್ಲಿ ಟೊಯೋಟ ಕಂಪನಿ ತಪ್ಪೊಪ್ಪಿಕೊಳ್ಳದೆಯೇ ರಾಜಿಗೆ ಬಂದಿತು. ಸುಮಾರು 15 ಲಕ್ಷ ವಾಹನಗಳಿಗೆ ಸಂಬಂಧಿಸಿದ ಆ ಒಪ್ಪಂದದ ಒಟ್ಟು ಮೌಲ್ಯವನ್ನು 340 ಕೋಟಿ ಡಾಲರ್‌ವರೆಗೆ ಅಂದಾಜಿಸಲಾಗಿತ್ತು. ಅಲ್ಲಿ ಚಾಸಿ ಬದಲಿಸಲು ಇಟ್ಟ ಅಳತೆಗೋಲು 10 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ತೂತು.

ಪರೀಕ್ಷೆಗೆ ಬೇಕಾದುದು ಟಾರ್ಚು, ಚಿಕ್ಕ ಸುತ್ತಿಗೆ, ಹಳೆಯ ಸ್ಕ್ರೂ ಡ್ರೈವರು. ಒಮ್ಮೆ ಪಿಟ್ ಮೇಲೆ ನಿಲ್ಲಿಸಿದ್ದ ಒಂದು ಹಳೆಯ ವಾಹನದ ಅಡಿಗೆ ಇಳಿದಾಗ ಹೊಳೆಯುವ ಕಪ್ಪು ಬಣ್ಣ ಬಿಟ್ಟರೆ ಬೇರೇನೂ ಕಾಣಲಿಲ್ಲ. ಮುಂಗಾಲಿಯಿಂದ ಹಿಂದಕ್ಕೆ ಗೇಣುಗೇಣಿಗೆ ತಟ್ಟುತ್ತ ಹೋದಂತೆ ಟಣ್ ಟಣ್ ಎನ್ನುತ್ತಿದ್ದ ತೊಲೆ, ಹಿಂದಿನ ಪಟ್ಟಿಸ್ಪ್ರಿಂಗಿನ ಮುಂತುದಿಯ ಬಳಿ ದಬ್ ಎಂದಿತು. ಸ್ಕ್ರೂ ಡ್ರೈವರಿನ ಮೊನೆ ಒತ್ತಿದರೆ ಒಳಕ್ಕೇ ಹೋಯಿತು. ಹೊರಗೆಳೆದಾಗ ಮಣ್ಣಿನ ಜೊತೆ ಹಪ್ಪಳದಂತಹ ತುಕ್ಕಿನ ಚಕ್ಕೆಗಳು ಅಂಗೈ ತುಂಬ ಉದುರಿದವು. ಗೆದ್ದಲು ತಿಂದ ಮರದ ತೊಲೆಯಲ್ಲಿ ಬಣ್ಣವೊಂದೇ ಉಳಿಯುವಂತೆ ಅಲ್ಲಿ ಉಳಿದದ್ದು ಬಣ್ಣ ಮಾತ್ರ.

ಲೆಕ್ಕ ಹೀಗಿದೆ. 3 ಮಿಲಿಮೀಟರ್ ದಪ್ಪದ ತಗಡು ಒಳಗೂ ಹೊರಗೂ ಅರ್ಧರ್ಧ ಮಿಲಿಮೀಟರ್ ಸವೆದರೆ ಮೂರನೇ ಒಂದು ಭಾಗ ಲೋಹ ಹೋದಂತೆ, ಬಾಗುವಿಕೆಯನ್ನು ತಡೆಯುವ ಶಕ್ತಿಯೂ ಸರಿಸುಮಾರು ಅಷ್ಟೇ ಕುಗ್ಗುತ್ತದೆ. ಇದಕ್ಕಿಂತ ಅಪಾಯದ್ದು ಗುಳಿಬಿದ್ದ ತುಕ್ಕು: ಒಂದೇ ಗುಳಿಯ ಸುತ್ತ ಒತ್ತಡ ಕೇಂದ್ರೀಕರಿಸಿ, ಪ್ರತಿ ಕುಲುಕಿಗೂ ಬಿರುಕು ಸ್ವಲ್ಪ ಸ್ವಲ್ಪ ಬೆಳೆಯುತ್ತದೆ. ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ, ಸ್ಪ್ರಿಂಗಿನ ಬ್ರಾಕೆಟ್‌ಗಳು, ಹಿಂದಿನ ಅಡ್ಡಪಟ್ಟಿ, ಇವುಗಳ ವಿಷಯದಲ್ಲಿ ಯಾವ ರಿಯಾಯಿತಿಯೂ ಸಲ್ಲದು. ಚಾಸಿಯ ಪಕ್ಕದಲ್ಲೇ ಸಾಗುವ ಉಕ್ಕಿನ ಬ್ರೇಕ್ ಪೈಪನ್ನೂ ಇದೇ ಹೊತ್ತಿಗೆ ನೋಡಬೇಕು.

ತುಕ್ಕಿನ ಮೇಲೇ ಪ್ಯಾಚ್ ಇಟ್ಟು ವೆಲ್ಡ್ ಮಾಡುವುದು ದುರಸ್ತಿಯಲ್ಲ. ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸಿ, ಅದೇ ದಪ್ಪದ ತಗಡನ್ನು ಕೂರಿಸಬೇಕು. ಬಲವರ್ಧನೆಗೆ ಹಾಕುವ ಪಟ್ಟಿಯ ತುದಿಯನ್ನು ನೇರವಾಗಿ ಬಿಡದೆ ಓರೆಯಾಗಿ ಕತ್ತರಿಸಿದರೆ ಒತ್ತಡ ಒಂದೇ ಅಡ್ಡಗೆರೆಯಲ್ಲಿ ನಿಲ್ಲುವುದಿಲ್ಲ. ಚಾಸಿ ನಂಬರ್ ಕೊರೆದ ಭಾಗಕ್ಕೆ ಗ್ರೈಂಡರ್ ತಾಗಿಸಬಾರದು; ಆ ಭಾಗವನ್ನೇ ಬದಲಿಸಬೇಕಾದರೆ ಮೊದಲು ಆರ್‌ಟಿಒ ಅನುಮತಿ ಪಡೆಯಬೇಕು. ಫಾಸ್ಫಾರಿಕ್ ಆಮ್ಲದ ದ್ರಾವಣ ತುಕ್ಕನ್ನು ಕಪ್ಪಾಗಿಸಿ ತಡೆಯುತ್ತದೆಯೇ ಹೊರತು ಹೋದ ದಪ್ಪವನ್ನು ಮರಳಿಸುವುದಿಲ್ಲ. ಒಳಗಿನ ತೇವ ಆರದೆ ಅಡಿಗೆ ಬಳಿದ ಟಾರಿನ ಕೋಟಿಂಗ್ ಆ ತೇವವನ್ನು ಬಂಧಿಸಿಡುತ್ತದೆ, ಸುತ್ತಿಗೆಯ ಪರೀಕ್ಷೆಯನ್ನೂ ಕೆಡಿಸುತ್ತದೆ.

ಒಳಗಿನ ರಕ್ಷಣೆಗೆ ನಾನು ಒಪ್ಪುವ ಕ್ರಮ ಮೇಣದ ಸಿಂಪಡಣೆ. ಮಾರ್ಚ್‌ನಿಂದ ಮೇ ನಡುವಣ ಬಿಸಿಲಿನಲ್ಲಿ, ತೊಲೆಯೊಳಗೆ ಪೈಪು ತೂರಿಸಿ, ಹೊರಬರುವ ನೀರು ತಿಳಿಯಾಗುವವರೆಗೆ ತೊಳೆದು, ಕೆಲವು ದಿನ ಪೂರ್ತಿ ಒಣಗಲು ಬಿಡಬೇಕು. ಅನಂತರ ಸುತ್ತಲೂ ಚಿಮ್ಮುವ ಮೂತಿಯ ಉದ್ದನೆಯ ಕೊಳವೆಯನ್ನು ಕೊನೆಯವರೆಗೆ ತೂರಿಸಿ, ಹಿಂದಕ್ಕೆ ಎಳೆಯುತ್ತ ಮೇಣ ಸಿಂಪಡಿಸಿ, ಮೇಣ ಗಟ್ಟಿಯಾಗುವ ಮುನ್ನ ಒಂದೊಂದು ಬಸಿಗಂಡಿಗೂ ತಂತಿ ಹಾಕಿ ಬಿಡಿಸಬೇಕು.