ಎಂಟೆಕ್, ಪಿಎಚ್‌ಡಿ ಮಾಡೋವಾಗ ಸ್ಟೂಡೆಂಟ್ ಲೈಫ್ ಮಜಾ ಇರುತ್ತಾ?

ಪ್ರಶ್ನೆ: ಬಿಇ ಮುಗೀತಾ ಬಂತು. ಮುಂದೆ ಎಂಟೆಕ್ಕೋ ಎಂಎಸ್ಸೋ ಮಾಡ್ಬೇಕು, ಆಮೇಲೆ ಆದ್ರೆ ಪಿಎಚ್‌ಡಿ. ಅಲ್ಲೂ ಲೈಫ್ ಎಂಜಾಯ್ ಮಾಡ್ಬೋದಾ, ಇಲ್ಲಾ ಬರೀ ಲ್ಯಾಬಲ್ಲೇ ದಿನ ಕಳೆದುಹೋಗುತ್ತಾ?

ಉತ್ತರ: ಮಜಾ ಇದೆ, ಆದ್ರೆ ಬಿಇ ಟೈಮಿನ ಮಜಾನೇ ಮುಂದುವರಿಯುತ್ತೆ ಅಂದ್ಕೊಂಡು ಹೋದ್ರೆ ಬೇಜಾರಾಗುತ್ತೆ. ಬಿಇನಲ್ಲಿ ಇಡೀ ಕ್ಲಾಸಿಗೆ ಒಂದೇ ಎಕ್ಸಾಮು, ಒಂದೇ ಟೆನ್ಶನ್ನು, ಓದಿದ್ರೂ ಒಟ್ಟಿಗೆ ಬಂಕ್ ಹೊಡೆದ್ರೂ ಒಟ್ಟಿಗೆ. ಎಂಟೆಕ್, ಪಿಎಚ್‌ಡಿಲಿ ಕೋರ್ಸ್‌ವರ್ಕ್, ಅಂದ್ರೆ ಕ್ಲಾಸು ಎಕ್ಸಾಮು, ಇರೋ ತನಕ ಸ್ವಲ್ಪ ಹಾಗೇ ಇರುತ್ತೆ, ಅದು ಮುಗಿದ್ಮೇಲೆ ಒಬ್ಬೊಬ್ರದ್ದು ಒಂದೊಂದು ದಾರಿ, ಪಕ್ಕದ ಸೀಟಿನವ್ರು ಬ್ಯಾಟರಿ ಮೇಲೆ ಕೆಲ್ಸ ಮಾಡ್ತಿರ್ತಾರೆ ನೀವು ಕಂಟ್ರೋಲ್ ಥಿಯರಿ ಹಿಡ್ಕೊಂಡು ಕೂತಿರ್ತೀರ, ನಿಮ್ಮ ಕಂಪ್ಯೂಟರ್ ಸಿಮ್ಯುಲೇಶನ್ ಯಾಕೆ ಒಂದು ಉತ್ತರಕ್ಕೆ ಬಂದು ನಿಲ್ತಿಲ್ಲ ಅಂತ ಅವ್ರಿಗೆ ಹೇಳಿದ್ರೂ ಪೂರ್ತಿ ಅರ್ಥ ಆಗಲ್ಲ. ಈ ಒಂಟಿತನಕ್ಕೆ ತುಂಬಾ ಜನ ರೆಡಿ ಇರಲ್ಲ.

ಸುಮ್ನೆ ಹೆದರಿಸ್ತಿಲ್ಲ. 2018ರಲ್ಲಿ ನೇಚರ್ ಬಯೋಟೆಕ್ನಾಲಜಿ ಪತ್ರಿಕೇಲಿ ಬಂದ ಸರ್ವೇಲಿ 26 ದೇಶಗಳ 2,279 ಜನ ಉತ್ತರ ಕೊಟ್ಟಿದ್ರು, ಹೆಚ್ಚಿನವ್ರು ಪಿಎಚ್‌ಡಿ ಸ್ಟೂಡೆಂಟ್ಸು, ಎಲ್ಲಾ ವಿಷಯದವ್ರೂ ಇದ್ರು. ಅದ್ರಲ್ಲಿ 39% ಜನರ ಡಿಪ್ರೆಶನ್ ಸ್ಕೋರು ಮಧ್ಯಮದಿಂದ ತೀವ್ರ ಮಟ್ಟದಲ್ಲಿತ್ತು. ಹಾಗಂತ ಎಲ್ರೂ ಪಶ್ಚಾತ್ತಾಪ ಪಡ್ತಿದಾರೆ ಅಂತಲ್ಲ, 2019ರ ನೇಚರ್ ಪತ್ರಿಕೆ ಸರ್ವೇಲಿ ಆರು ಸಾವಿರಕ್ಕೂ ಜಾಸ್ತಿ ಪಿಎಚ್‌ಡಿ ಸ್ಟೂಡೆಂಟ್ಸಲ್ಲಿ ಮುಕ್ಕಾಲು ಪಾಲು ಜನ ಪಿಎಚ್‌ಡಿಗೆ ಸೇರಿದ್ದು ನಮಗೆ ತೃಪ್ತಿ ಇದೆ ಅಂದಿದ್ರು. ಕಷ್ಟಾನೂ ನಿಜ, ಖುಷೀನೂ ನಿಜ.

ಖುಷಿ ಎಲ್ಲಿಂದ ಬರುತ್ತೆ ಅಂದ್ರೆ, ವಾರಗಟ್ಲೆ ಕೈ ಕೊಡ್ತಿದ್ದ ಸೆಟಪ್ಪು ಒಂದಿನ ದಿಢೀರ್ ಅಂತ ಸರಿಯಾದ ರೀಡಿಂಗ್ ಕೊಡುತ್ತಲ್ಲ, ಆ ಗ್ರಾಫನ್ನ ಆ ಕ್ಷಣ ಬೇರೆ ಯಾರೂ ನೋಡಿರಲ್ಲ, ಆ ಥ್ರಿಲ್ಲು ಯಾವ ಫೆಸ್ಟಲ್ಲೂ ಸಿಗಲ್ಲ. ಆಮೇಲೆ ಡೆಡ್‌ಲೈನ್ ಹಿಂದಿನ ರಾತ್ರಿ ಸೀನಿಯರ್ ಒಬ್ರು ತಮ್ಮ ನಿದ್ದೆ ಬಿಟ್ಟು ನಿಮ್ಮ ಪೇಪರ್ ತಿದ್ದಿಕೊಡ್ತಾರೆ, ಆ ಸ್ನೇಹ ತುಂಬಾ ವರ್ಷ ಉಳಿಯುತ್ತೆ. ದಿನದ ಟೈಮ್‌ಟೇಬಲ್ಲೂ ಸುಮಾರಾಗಿ ನಿಮ್ಮ ಕೈಲೇ, ಎಕ್ವಿಪ್‌ಮೆಂಟ್ ಸ್ಲಾಟ್ ಮಧ್ಯರಾತ್ರಿ ಸಿಕ್ಕಿದ್ರೆ ಮಾತ್ರ ಏನೂ ಮಾಡೋಕಾಗಲ್ಲ.

ಬರೀ ಕೋರ್ಸ್‌ಗಳ ಮಾಸ್ಟರ್ಸ್ ಆದ್ರೆ ಚಿಂತೆ ಕಮ್ಮಿ, ಒಂದೆರಡು ವರ್ಷ ಅಸೈನ್‌ಮೆಂಟು ಪ್ರಾಜೆಕ್ಟು ಅಂತ ಓಡುತ್ತೆ ಅಷ್ಟೇ. ಥೀಸಿಸ್ಸೋ ಪಿಎಚ್‌ಡಿನೋ ಆದ್ರೆ ನನ್ನ ಪ್ರಕಾರ ಕಾಲೇಜಿನ ಹೆಸರಿಗಿಂತ ಗೈಡ್, ಅಂದ್ರೆ ನಿಮ್ಮ ರಿಸರ್ಚ್ ನೋಡ್ಕೊಳ್ಳೋ ಪ್ರೊಫೆಸರ್, ಯಾರು ಅನ್ನೋದೇ ಮುಖ್ಯ, ನೀವು ದಿನಾ ಬದುಕೋದು ಅವ್ರ ಲ್ಯಾಬಲ್ಲೇ ತಾನೇ! ಒಳ್ಳೆ ಗೈಡ್ ರಿಸಲ್ಟ್ ಬರದ ವಾರಾನೂ ಕೂರಿಸ್ಕೊಂಡು ಮಾತಾಡ್ತಾರೆ, ಕೆಟ್ಟೋರಾದ್ರೆ ಮೇಲ್ ಬಂದ ಸೌಂಡ್ ಕೇಳಿದ್ರೇ ಎದೆ ಧಸಕ್ ಅನ್ನುತ್ತೆ. ಹಾಗಾಗಿ ಸೇರೋ ಮುಂಚೆ ಆ ಲ್ಯಾಬಿನ ಈಗಿನ ಸ್ಟೂಡೆಂಟ್ಸನ್ನ ಗೈಡ್ ಎದುರಿಗಿಲ್ದೇ ಇರೋವಾಗ ಮಾತಾಡ್ಸಿ. ಕೊನೇ ಸಲ ರಜಾ ಹಾಕಿದ್ದು ಯಾವಾಗ, ಹಿಂದಿನವ್ರಿಗೆ ಡಿಗ್ರಿ ಸಿಗೋಕೆ ಎಷ್ಟು ವರ್ಷ ಆಯ್ತು, ಮಧ್ಯದಲ್ಲಿ ಬಿಟ್ಟು ಹೋದವ್ರು ಇದಾರಾ, ಸ್ಟೈಪೆಂಡ್ ಟೈಮಿಗೆ ಬರುತ್ತಾ, ಇಷ್ಟು ಕೇಳಿ, ಉತ್ತರ ಹೇಳೋಕೆ ಅವ್ರು ತಡವರಿಸಿದ್ರೆ ಇನ್ನೊಂದೆರಡು ಲ್ಯಾಬ್ ನೋಡ್ಕೊಂಡು ಆಮೇಲೆ ಡಿಸೈಡ್ ಮಾಡಿ.