ಬೆಂಕಿಯ ಹಬ್ಬದ ಡೋಲುಗಳು: ಕ್ಲಾವೆಯಿಂದ ಶುರುಮಾಡಿ

ಕ್ಯೂಬಾದ ಪೂರ್ವ ತುದಿಯ ಸಾಂತಿಯಾಗೊ ನಗರದಲ್ಲಿ 1981ರಲ್ಲಿ ಶುರುವಾದ ಕೆರಿಬಿಯನ್ ಉತ್ಸವವನ್ನು ಊರವರು ಕರೆಯುವುದು ‘ಫಿಯೆಸ್ತಾ ದೆಲ್ ಫುಯೆಗೊ’, ಅಂದರೆ ಬೆಂಕಿಯ ಹಬ್ಬ ಎಂದು. ಜುಲೈ ಮೊದಲ ವಾರದ ಸುಮಾರಿಗೆ ನಡೆಯುತ್ತದೆ, ಕೊನೆಗೆ ದೆವ್ವದ ಬೊಂಬೆ ಸುಡುತ್ತಾರೆ. ಅಲ್ಲಿನ ವಿಡಿಯೊಗಳನ್ನು ನೋಡುವಾಗ ಕಣ್ಣು ಕುಣಿಯುವವರ ಮೇಲೇ ಇರುತ್ತದೆ. ಮೊದಲು ಕಿವಿಗೆ ಕೆಲಸ ಕೊಡಿ.

ಡೋಲು, ಹಾಡು, ಕುಣಿತ ಸೇರಿದ ರುಂಬಾದಿಂದ ಶುರುಮಾಡೋಣ. ಇದು ಸಾಂತಿಯಾಗೊದ್ದಲ್ಲ, ಪಶ್ಚಿಮದ ಹವಾನಾ, ಮತಾನ್ಸಾಸ್ ಕಡೆಯದು. ಎಲ್ಲಕ್ಕೂ ಆಧಾರ ಕ್ಲಾವೆ: ಎರಡು ಗಟ್ಟಿ ಮರದ ಕೋಲುಗಳು, ಐದು ಪೆಟ್ಟು. ‘ತಕದಿಮಿ’ಯನ್ನು ನಾಲ್ಕು ಸಲ ಹೇಳಿ, ಹದಿನಾರು ಅಕ್ಷರ ಆಯಿತು. 1, 4, 8, 11, 13ರಲ್ಲಿ ಪೆಟ್ಟು ಹಾಕಿ: ಮೊದಲ ‘ತ’, ಅದರದೇ ‘ಮಿ’, ಎರಡನೆಯ ‘ಮಿ’, ಮೂರನೆಯ ‘ದಿ’, ನಾಲ್ಕನೆಯ ‘ತ’. ಕಾಲಲ್ಲಿ ಪ್ರತಿ ‘ತ’ಕ್ಕೂ ತಟ್ಟುತ್ತಿರಬೇಕು.

ಹೆಚ್ಚಿನವರು ಎಡವುವುದು ಮೂರನೇ ಪೆಟ್ಟಿನಲ್ಲಿ. 8ರ ಬದಲು 7ಕ್ಕೆ ಬಿದ್ದರೆ ಅದು ರುಂಬಾದ್ದಲ್ಲ, ‘ಸೋನ್’ ಎಂಬ ಇನ್ನೊಂದು ಕ್ಯೂಬನ್ ಸಂಗೀತದ ಕ್ಲಾವೆ. ವೇಗ ಹೆಚ್ಚಿದಾಗ ಆ ಪೆಟ್ಟು ತಾನಾಗಿಯೇ ಹಿಂದಕ್ಕೆ ಜಾರುತ್ತದೆ, ಏಕೆಂದರೆ 8 ಮುಂದಿನ ‘ತ’ಕ್ಕೆ ಅಂಟಿಕೊಂಡೇ ಇದೆ, ಕೈಗೆ ಅದು ತಡವಾಯಿತೇನೋ ಅನ್ನಿಸುತ್ತದೆ. ಮದ್ದು ಸರಳ: ನಿಧಾನ ಮಾಡಿ, ಬಾಯಲ್ಲಿ ಎಣಿಕೆ ಬಿಡಬೇಡಿ. ಐದು ನಿಮಿಷ ತಪ್ಪದೆ ನಿಂತರೆ ಮಾತ್ರ ಡೋಲಿನ ಕಡೆ ಹೋಗಿ.

ಡೋಲುಗಳು ಮೂರು. ದೊಡ್ಡದಾದ ‘ತುಂಬಾ’ ಮತ್ತು ನಡುವಿನ ‘ತ್ರೆಸ್ ದೋಸ್’ ಹೆಣೆದುಕೊಂಡು ನಡೆ ಹಿಡಿಯುತ್ತವೆ. ಚಿಕ್ಕ, ತಾರಸ್ವರದ ಕಿಂತೊ ಮನೋಧರ್ಮಕ್ಕೆ, ಅಂದರೆ ಆಗಲೇ ಹೊಳೆದಂತೆ ನುಡಿಸುವುದಕ್ಕೆ. ಹೊಸಬರು ಕಿಂತೊದ ಬೆನ್ನು ಹತ್ತಿ ತಾಳ ಕಳೆದುಕೊಳ್ಳುತ್ತಾರೆ. ಬೇಡ, ಅದನ್ನು ಕೊನೆಗೆ ಕೇಳಿ.

ರುಂಬಾದ ಬಗೆಗಳೂ ಮೂರು. ಯಂಬು ನಿಧಾನದ್ದು. ಗುವಾಗುವಾಂಕೊ ಚುರುಕು: ಗಂಡು ಸೊಂಟದಿಂದಲೋ ಕೈ-ಕಾಲಿನಿಂದಲೋ ಥಟ್ಟನೆ ‘ವಕುನಾವೊ’ ಎಂಬ ಕೆಣಕುವ ಚಲನೆ ಎಸೆಯುತ್ತಾನೆ, ಹೆಣ್ಣು ಕೈಯಿಂದಲೋ ಲಂಗದಿಂದಲೋ ಮರೆಮಾಡಿ ತಪ್ಪಿಸುತ್ತಾಳೆ. ಯಂಬುವಿನಲ್ಲಿ ವಕುನಾವೊ ಇಲ್ಲ. ಇವೆರಡನ್ನು ಬೇರೆ ಮಾಡಲು ಇದೇ ಗುರುತು ಸಾಕು. ಮೂರನೆಯ ಬಗೆಯಾದ ‘ಕೊಲಂಬಿಯಾ’ದಲ್ಲಿ ತಿಶ್ರದ, ಅಂದರೆ ಮೂರರ ಎಣಿಕೆಯ ಓಟವಿದೆ, ಕುಣಿಯುವುದು ಒಬ್ಬೊಬ್ಬರೇ, ವಾಡಿಕೆಯಂತೆ ಗಂಡಸರು. ಕುಣಿಯುವವನ ಕಾಲಿಗೆ ಕಿಂತೊ ಉತ್ತರ ಕೊಡುತ್ತದೆ. ನಮ್ಮವರು ಇದನ್ನು ಕಾಲು ಡೋಲನ್ನು ಹಿಂಬಾಲಿಸುತ್ತಿದೆ ಎಂದು ಓದುತ್ತಾರೆ. ಬಹಳ ಸಲ ನಡೆಯುವುದು ಅದರ ತಿರುಗುಮುರುಗು.

ಸಾಂತಿಯಾಗೊದ ಸ್ವಂತದ್ದು ಬೇಕೆಂದರೆ ‘ತುಂಬಾ ಫ್ರಾನ್ಸೆಸಾ’ ಎಂಬ ಡೋಲು-ಕುಣಿತ ನೋಡಿ. ಹೈಟಿಯ ಬಂಡಾಯದ ಕಾಲದಲ್ಲಿ, 1790ರ ದಶಕದಿಂದ, ಫ್ರೆಂಚ್ ತೋಟದೊಡೆಯರ ಜೊತೆ ಬಂದ ಗುಲಾಮರ ಪರಂಪರೆ ಇದು. ಮಾಸೋನ್ ಎಂಬ ಕುಣಿತ ಫ್ರೆಂಚ್ ದರ್ಬಾರಿನ ಜೋಡಿ ನೃತ್ಯದ ಛಾಯೆಯದು, ಅದಕ್ಕೆ ಆಫ್ರಿಕನ್ ಡೋಲಿನ ಹಿಮ್ಮೇಳ. ಕತಾ ಎಂಬ ಟೊಳ್ಳು ಮರದ ಮೇಲೆ ಎರಡು ಕೋಲಿನಿಂದ ಬಡಿಯುವ ಲಯವನ್ನೇ ಹಿಡಿದುಕೊಳ್ಳಿ, ಉಳಿದದ್ದು ಅದರ ಸುತ್ತ ಕೂರುತ್ತದೆ.

ಬೀದಿಯ ಕೊಂಗಾ ಮೆರವಣಿಗೆಗೆ ಇಷ್ಟು ತಯಾರಿ ಬೇಡ. ಅದರಲ್ಲಿ ಕಿವಿಗೆ ಚುಚ್ಚುವುದು ಚೀನೀ ಮೂಲದ ಕೊರ್ನೆತಾ ಚೀನಾ, ಹೆಚ್ಚುಕಡಿಮೆ ನಮ್ಮ ಮುಖವೀಣೆಯ ಕುಲದ್ದು. ಠಣ್ ಠಣ್ ಎನ್ನುವುದು ಗಂಟೆಯಲ್ಲ, ಹಳೇ ವಾಹನದಿಂದ ಬಿಚ್ಚಿದ ಬ್ರೇಕ್ ಡ್ರಮ್ಮು. ಕಬ್ಬಿಣದ ಸರಳಿನಿಂದ ಬಡಿಯುತ್ತಾರೆ. ಹೆಜ್ಜೆ ಎತ್ತುವುದಿಲ್ಲ, ಪಾದ ನೆಲಕ್ಕೆ ಉಜ್ಜುತ್ತ ಸಾಗಬೇಕು. ಹೆಜ್ಜೆ ಎತ್ತಿ ಕುಣಿದರೆ ಆ ನೂಕುನುಗ್ಗಲಲ್ಲಿ ಹಿಂದಿನವರ ಕಾಲ ಮೇಲೇ ಇಳಿಯುತ್ತೀರಿ.