ನರವಿಲ್ಲದ ಕರುಳು ಯಾಕೆ ಬಿಗಿಯುತ್ತದೆ?

ಹೊಟ್ಟೆ ಉಬ್ಬರಿಸಿದ ಮಗುವಿನ ಎಕ್ಸ್‌ರೇ ತೋರಿಸಿದಾಗ ತಂದೆತಾಯಿ ಬೆರಳಿಡುವ ಜಾಗ ಹೆಚ್ಚು ಕಡಿಮೆ ಒಂದೇ. ಬಲೂನಿನಂತೆ ಊದಿಕೊಂಡ ದೊಡ್ಡ ಕರುಳು. "ಡಾಕ್ಟ್ರೇ, ತೊಂದರೆ ಇರೋದು ಇಲ್ಲೇ ಅಲ್ವಾ?"

ಅಲ್ಲ. ಊದಿದ ಭಾಗದ ನರಗಳು ಚೆನ್ನಾಗಿಯೇ ಇವೆ. ಅದರ ಕೆಳಗೆ, ಗುದದ್ವಾರದ ಹತ್ತಿರ, ಏನೂ ಆಗಿಲ್ಲವೇನೋ ಎನ್ನುವಂತೆ ಕಾಣುವ ಕಿರಿದಾದ ತುಂಡು ಇದೆಯಲ್ಲ, ಕಾಯಿಲೆ ಇರುವುದು ಅಲ್ಲಿ. ಅಲ್ಲಿನ ಗೋಡೆಯಲ್ಲಿ ಇರಬೇಕಾದ ನರಕೋಶಗಳೇ ಇಲ್ಲ.

ಇದಕ್ಕೆ ಹಿರ್ಷ್‌ಸ್ಪ್ರಂಗ್ ಕಾಯಿಲೆ ಎಂದು ಹೆಸರು. ಸುಮಾರು 5000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. 1886ರಲ್ಲಿ ಇದನ್ನು ವಿವರಿಸಿದ ಕೋಪನ್‌ಹೇಗನ್‌ನ ಮಕ್ಕಳ ವೈದ್ಯ ಹರಾಲ್ಡ್ ಹಿರ್ಷ್‌ಸ್ಪ್ರಂಗ್ ಅವರೂ ಊದಿದ ಭಾಗವೇ ಕಾಯಿಲೆ ಎಂದುಕೊಂಡಿದ್ದರು. ಹಾಗಾಗಿ ತಂದೆತಾಯಿ ಹಾಗೆ ಯೋಚಿಸಿದರೆ ತಪ್ಪೇನಿಲ್ಲ.

ಆದರೆ ಮುಂದಿನ ಪ್ರಶ್ನೆ ನನಗೆ ಬಹಳ ಇಷ್ಟ. ನರವಿಲ್ಲದಿದ್ದರೆ ಕರುಳು ಜೋತು ಬೀಳಬೇಕಿತ್ತಲ್ಲ? ಕೈಯ ನರ ತುಂಡಾದರೆ ಕೈ ಜೋಲುತ್ತದೆ. ಇಲ್ಲಿ ಯಾಕೆ ಬಿಗಿಯುತ್ತದೆ?

ಯಾಕೆಂದರೆ ಕರುಳಿನ ಸ್ನಾಯುವಿಗೆ ಕೆಲಸ ಮಾಡು ಎಂದು ಯಾರೂ ಹೇಳಬೇಕಾಗಿಲ್ಲ. ಕಹಾಲ್ ಕೋಶಗಳು ಎಂಬ ವಿಶೇಷ ಕೋಶಗಳು ಅದಕ್ಕೆ ತಾಳ ಹಾಕುತ್ತಲೇ ಇರುತ್ತವೆ. ಜಠರದಲ್ಲಿ ನಿಮಿಷಕ್ಕೆ ಸುಮಾರು 3 ಬಾರಿ, ಸಣ್ಣ ಕರುಳಿನ ಮೊದಲ ಭಾಗದಲ್ಲಿ ಸುಮಾರು 12 ಬಾರಿ. ಈ ಸ್ನಾಯುವಿಗೆ "ಈಗ ಸುಮ್ನಿರು, ಸಡಿಲ ಬಿಡು" ಎಂದು ಹೇಳುವವರು ಬೇಕು. ನರಗಳ ಕೆಲಸದಲ್ಲಿ ದೊಡ್ಡ ಪಾಲು ಇದೇ.

ಆಹಾರದ ಮುದ್ದೆ ಬಂದು ಕರುಳಿನ ಗೋಡೆಯನ್ನು ಹಿಗ್ಗಿಸುತ್ತದೆ ಅಂದುಕೊಳ್ಳಿ. ಒಳಪದರದ ಕೋಶಗಳು ಸೆರೊಟೋನಿನ್ ಎಂಬ ರಾಸಾಯನಿಕ ಬಿಡುತ್ತವೆ. (ದೇಹದ ಸೆರೊಟೋನಿನ್‌ನಲ್ಲಿ ನೂರಕ್ಕೆ ಸುಮಾರು 90 ಭಾಗ ಇರುವುದು ಕರುಳಿನಲ್ಲೇ.) ಗೋಡೆಯೊಳಗಿನ ನರಕೋಶಗಳಿಗೆ ಸುದ್ದಿ ಮುಟ್ಟುತ್ತದೆ. ಅವು ರಾಸಾಯನಿಕಗಳ ಮೂಲಕ ಎರಡು ಕಡೆ ಆಜ್ಞೆ ಕಳಿಸುತ್ತವೆ. ಮುದ್ದೆಯ ಹಿಂದೆ ಅಸಿಟೈಲ್‌ಕೋಲಿನ್: ಹಿಂಡು. ಮುಂದೆ ನೈಟ್ರಿಕ್ ಆಕ್ಸೈಡ್: ಸಡಿಲವಾಗು. ಹಿಂದಿನವರು ತಳ್ಳಿದರೆ ಸಾಲದು, ಮುಂದಿನವರು ದಾರಿ ಬಿಡಬೇಕು.

ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಂಗ್ಲೆಂಡಿನ ಇಬ್ಬರು ಶರೀರವಿಜ್ಞಾನಿಗಳು 1899ರಲ್ಲಿ ನಾಯಿಯ ಕರುಳಿಗೆ ಹೊರಗಿನಿಂದ ಬರುವ ನರಗಳನ್ನೆಲ್ಲ ಕಡಿದು ನೋಡಿದರು. ಆಗಲೂ ಮೇಲೆ ಹಿಂಡು, ಕೆಳಗೆ ಸಡಿಲ ಎಂಬ ಈ ಆಟ ನಡೆಯಿತು. ಮೆದುಳಿನ ಮಾತು ಜಾಸ್ತಿ ನಡೆಯುವುದು ಎರಡು ತುದಿಗಳಲ್ಲಿ, ನುಂಗುವಾಗ ಮತ್ತು ಮಲ ವಿಸರ್ಜಿಸುವಾಗ. ನಡುವಿನ ದಾರಿಯಲ್ಲಿ ಅದು ವೇಗ ಏರಿಸಬಹುದು, ಇಳಿಸಬಹುದು, ಅಷ್ಟೇ. ಮೆದುಳಿಗೂ ಹೊಟ್ಟೆಗೂ ನಡುವಿನ ವೇಗಸ್ ನರದ ಎಳೆಗಳಲ್ಲೂ ಹೆಚ್ಚಿನವು ಕೆಳಗಿನ ಸುದ್ದಿಯನ್ನು ಮೇಲಕ್ಕೆ ಒಯ್ಯುತ್ತವೆ.

ಈಗ ಆ ಮಗುವಿಗೆ ಬರೋಣ. ಕರುಳಿನ ನರಕೋಶಗಳು ಅಲ್ಲೇ ಹುಟ್ಟುವುದಿಲ್ಲ. ಭ್ರೂಣದ ಕತ್ತಿನ ಭಾಗದಿಂದ ಹೊರಟು, ಸುಮಾರು 4ನೇ ವಾರದಲ್ಲಿ ಕರುಳನ್ನು ಹೊಕ್ಕು, ಕೆಳಮುಖವಾಗಿ ನಡೆಯುತ್ತಾ 7ನೇ ವಾರದ ಹೊತ್ತಿಗೆ ಕೊನೆ ಮುಟ್ಟುತ್ತವೆ. ದಾರಿಯಲ್ಲಿ ನಿಂತುಬಿಟ್ಟರೆ ಖಾಲಿ ಉಳಿಯುವುದು ಕೊನೆಯ ಭಾಗ. ಅಲ್ಲಿ "ಸಡಿಲ ಬಿಡು" ಎನ್ನುವವರಿಲ್ಲ, ಹಾಗಾಗಿ ಅದು ಬಿಗಿದೇ ಇರುತ್ತದೆ. ಮಲ ಮುಂದೆ ಹೋಗದೆ ಅದರ ಮೇಲಿನ ಭಾಗ ಊದಿಕೊಳ್ಳುತ್ತದೆ. ತಾಯಿ ತಿಂದದ್ದರಿಂದಲೋ ಮಾಡಿದ ಕೆಲಸದಿಂದಲೋ ಹೀಗಾಗುವುದಿಲ್ಲ. ಪ್ರತಿ ತಾಯಿಗೂ ನಾನು ಇದನ್ನು ಎರಡು ಸಲ ಹೇಳುತ್ತೇನೆ.

ತಿಂಗಳು ತುಂಬಿ ಹುಟ್ಟಿದ ಹೆಚ್ಚಿನ ಮಕ್ಕಳು 24 ಗಂಟೆಯೊಳಗೆ ಮೊದಲ ಕಪ್ಪು ಮಲ ಮಾಡುತ್ತವೆ. 48 ಗಂಟೆ ದಾಟಿದರೆ "ನಾಳೆ ಆಗುತ್ತೆ ಬಿಡಿ" ಎನ್ನಬಾರದು. ಹಸಿರು ವಾಂತಿ ಆದರಂತೂ ತಡ ಮಾಡಲೇಬಾರದು. ಎನಿಮಾ ಕೊಟ್ಟಾಗ ಮಲ ಹೋಗುತ್ತದೆ, ಹೊಟ್ಟೆ ಇಳಿಯುತ್ತದೆ, ಎಲ್ಲರಿಗೂ ಸಮಾಧಾನ. ಹೀಗೇ ತಿಂಗಳುಗಳು ಕಳೆದುಹೋದ ಮಕ್ಕಳನ್ನು ನೋಡಿದ್ದೇನೆ. ಇಂಥ ಮಗುವಿಗೆ ಜ್ವರದ ಜೊತೆ ಹೊಟ್ಟೆ ಉಬ್ಬಿ, ದುರ್ವಾಸನೆಯ ಭೇದಿ ಶುರುವಾದರೆ ಅದು ಮಾಮೂಲಿ ಭೇದಿಯಲ್ಲ. ಕರುಳಿಗೆ ಉರಿಯೂತ ಬಂದಿರಬಹುದು, ಜೀವಕ್ಕೇ ಅಪಾಯ.

ಖಚಿತ ಮಾಡಿಕೊಳ್ಳಲು ಗುದನಾಳದ ಗೋಡೆಯಿಂದ ಚೂರೇ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅದನ್ನು ತೆಗೆಯುವ ಜಾಗದಲ್ಲಿ ಮಗುವಿಗೆ ನೋವು ಗೊತ್ತಾಗುವುದಿಲ್ಲ. ಆಮೇಲೆ ಶಸ್ತ್ರಚಿಕಿತ್ಸೆ. ನರವಿಲ್ಲದ ತುಂಡನ್ನು ತೆಗೆದು, ನರವಿರುವ ಕರುಳನ್ನು ಕೆಳಗೆಳೆದು ಗುದದ್ವಾರದ ಬಳಿ ಜೋಡಿಸುತ್ತೇವೆ. ಎಲ್ಲಿ ಕತ್ತರಿಸಬೇಕೆಂದು ಕಣ್ಣಳತೆಯಿಂದ ಹೇಳಲಾಗದು. ಆಪರೇಷನ್ ನಡುವೆಯೇ ಚೂರನ್ನು ಲ್ಯಾಬಿಗೆ ಕಳಿಸಿ ಕಾಯುತ್ತೇವೆ. ಥಿಯೇಟರಿನಲ್ಲಿ ಆಗ ಯಾರೂ ಹೆಚ್ಚು ಮಾತಾಡುವುದಿಲ್ಲ. ಫೋನಿನಲ್ಲಿ "ನರಕೋಶ ಕಾಣಿಸ್ತಿವೆ" ಎಂದ ಮೇಲೆಯೇ ನಾನು ಮುಂದಿನ ಹೊಲಿಗೆಗೆ ಕೈ ಹಾಕುವುದು.